ಸುಳಿ ಒಳಗೆ ಬರುವ ದಾರಿ

1999ರ ಕೊನೆಯ ತಿಂಗಳುಗಳಲ್ಲಿ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸುಪೇರಿಯರ್‌ನ ಪ್ರಯೋಗಾಲಯದಲ್ಲಿ ಜ್ಯಾಂ ದಾಲಿಬಾರ್ ಮತ್ತು ಅವರ ಸಂಗಡಿಗರು ಲೇಸರ್ ಕಿರಣದಿಂದ ಒಂದು ಅನಿಲವನ್ನು ಕಲಕಿದರು. ಅನಿಲವೆಂದರೆ ಸುಮಾರು ಒಂದು ಲಕ್ಷ ರುಬಿಡಿಯಂ ಪರಮಾಣುಗಳ ಪುಟ್ಟ ಮೋಡ. ಉದ್ದ ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು, ದಪ್ಪ ಅದಕ್ಕಿಂತ ಎಷ್ಟೋ ಕಮ್ಮಿ. ಯಾವ ಗೋಡೆಗೂ ತಾಗದಂತೆ ನಿರ್ವಾತದ ನಡುವೆ ಕಾಂತಕ್ಷೇತ್ರವೊಂದು ಅದನ್ನು ಹಿಡಿದಿಟ್ಟಿತ್ತು. ಅದರ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ಮೇಲಿದ್ದದ್ದು ಒಂದು ಡಿಗ್ರಿಯನ್ನು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು ಮಾತ್ರ.

ನಿಧಾನವಾಗಿ ಕಲಕಿದಾಗ ಏನೂ ಆಗಲಿಲ್ಲ. ಸೆಕೆಂಡಿಗೆ 100 ಸುತ್ತಿನ ವೇಗದಲ್ಲಿ ಕಲಕಿದರೂ ಮೋಡ ಜಪ್ಪಯ್ಯ ಎಂದರೂ ತಿರುಗಲಿಲ್ಲ. ವೇಗ ಸೆಕೆಂಡಿಗೆ 150 ಸುತ್ತಿನ ಆಸುಪಾಸಿಗೆ ಬಂದಾಗ ಮೋಡದ ನಟ್ಟನಡುವೆ ಒಂದು ತೂತು ಕಾಣಿಸಿತು. ಇನ್ನೂ ಸ್ವಲ್ಪ ಜೋರಾಗಿ ಕಲಕಿದರೆ ಎರಡು, ಆಮೇಲೆ ಮೂರು, ನಾಲ್ಕು. ಅರ್ಧ ತೂತು ಎಂಬುದು ಯಾವ ಚಿತ್ರದಲ್ಲೂ ಇಲ್ಲ. ಪ್ರತಿ ತೂತೂ ಒಂದು ಸುಳಿಯ ಕಣ್ಣು. ಅದರ ಸುತ್ತ ಇಡೀ ಮೋಡ ಹರಿಯುತ್ತಿತ್ತು.

ಸುಳಿ ಯಾಕೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಎಲ್ಲ ಪಠ್ಯಪುಸ್ತಕಗಳಲ್ಲೂ ಉತ್ತರವಿದೆ. ಅದು ಎಲ್ಲಿಂದ, ಹೇಗೆ ಒಳಗೆ ಬರುತ್ತದೆ ಎಂಬುದಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ನನಗೆ ಮುಖ್ಯವೆನಿಸುವುದು ಈ ಎರಡನೆಯ ಪ್ರಶ್ನೆ. ಆದರೆ ಅಲ್ಲಿಗೆ ಹೋಗಬೇಕಾದರೆ ಮೊದಲನೆಯದನ್ನು ದಾಟಿಕೊಂಡೇ ಹೋಗಬೇಕು.

ಒಂದು ಬಕೆಟ್ ನೀರನ್ನು ತಿರುಗುವ ಮಣೆಯ ಮೇಲಿಟ್ಟು ತಿರುಗಿಸಿ ನೋಡಿ. ಮೊದಲು ಬಕೆಟ್ಟು ಮಾತ್ರ ತಿರುಗುತ್ತದೆ, ನೀರು ನಿಂತಲ್ಲೇ ಇರುತ್ತದೆ. ಗೋಡೆಗೆ ಅಂಟಿದ ಪದರ ತಿರುಗತೊಡಗಿ, ಅದು ಪಕ್ಕದ ಪದರವನ್ನು ಎಳೆದು, ಅದು ಮತ್ತೊಂದನ್ನು ಎಳೆದು, ಕೊನೆಗೆ ಎಲ್ಲ ನೀರೂ ಬಕೆಟ್ಟಿನ ಜೊತೆ ಒಂದೇ ಗಟ್ಟಿ ವಸ್ತುವಿನಂತೆ ಸುತ್ತುತ್ತದೆ. ಅಂಚಿನ ನೀರಿಗೆ ಹೆಚ್ಚು ವೇಗ, ನಡುವಿನದಕ್ಕೆ ಕಡಿಮೆ. ಬಕೆಟ್ಟನ್ನು ಎಷ್ಟೇ ನಿಧಾನವಾಗಿ ತಿರುಗಿಸಿದರೂ ನೀರು ಅಷ್ಟೇ ನಿಧಾನವಾಗಿ ಜೊತೆಗೂಡುತ್ತದೆ. ಪ್ಯಾರಿಸ್ಸಿನ ಮೋಡಕ್ಕೆ ಸಾಧ್ಯವಾಗದ್ದು ಇದೇ.

ಕಾರಣ ಆ ಮೋಡದ ಸ್ವಭಾವದಲ್ಲಿದೆ. ಢಾಕಾದಲ್ಲಿ ಪಾಠ ಹೇಳುತ್ತಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಬೆಳಕಿನ ಕಣಗಳನ್ನು ಎಣಿಸುವ ಹೊಸ ಬಗೆಯೊಂದನ್ನು ಬರೆದು ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ಜರ್ಮನ್‌ಗೆ ಅನುವಾದಿಸಿ ಪ್ರಕಟಿಸಿದ್ದಲ್ಲದೆ ಅದೇ ಲೆಕ್ಕವನ್ನು ಪರಮಾಣುಗಳಿಗೂ ಹಚ್ಚಿದರು. ಸಾಕಷ್ಟು ತಣ್ಣಗಾದರೆ ಕೆಲವು ಬಗೆಯ ಪರಮಾಣುಗಳು ಗುಂಪುಗುಂಪಾಗಿ ಒಂದೇ ಕ್ವಾಂಟಮ್ ಸ್ಥಿತಿಗೆ ಇಳಿಯುತ್ತವೆ ಎಂದು ಆ ಲೆಕ್ಕ ಹೇಳಿತು. ಅನಿಲದಲ್ಲಿ ಅದನ್ನು ಮಾಡಿ ತೋರಿಸಲು 71 ವರ್ಷ ಹಿಡಿಯಿತು. 1995ರ ಜೂನ್‌ನಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿರುವ ಜಿಲಾ ಸಂಸ್ಥೆಯಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ರುಬಿಡಿಯಂನಿಂದ, ಕೆಲವೇ ತಿಂಗಳ ನಂತರ ಎಂಐಟಿಯಲ್ಲಿ ವೂಲ್ಫ್‌ಗ್ಯಾಂಗ್ ಕೆಟರ್ಲೆ ಸೋಡಿಯಂನಿಂದ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ ತಯಾರಿಸಿದರು. ಮೂವರಿಗೂ 2001ರ ನೊಬೆಲ್ ಬಂತು.

ಕಂಡೆನ್ಸೇಟಿನಲ್ಲಿ ಪರಮಾಣುಗಳಿಗೆಲ್ಲ ಸೇರಿ ಒಂದೇ ಅಲೆ. ಮೋಡದ ಪ್ರತಿ ಬಿಂದುವಿನಲ್ಲೂ ಆ ಅಲೆಗೆ ಎರಡು ಗುಣಗಳಿವೆ. ಒಂದು ಅದರ ಬಲ. ಅಲ್ಲಿ ಪರಮಾಣುಗಳ ದಟ್ಟಣೆ ಎಷ್ಟು ಎಂಬುದನ್ನು ಅದು ತೀರ್ಮಾನಿಸುತ್ತದೆ. ಇನ್ನೊಂದು ಫೇಸ್, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂದು ಹೇಳುವ ಒಂದು ಕೋನ. ಈ ಕೋನ ಒಂದು ಜಾಗದಿಂದ ಪಕ್ಕದ ಜಾಗಕ್ಕೆ ಹೋಗುವಾಗ ಬದಲಾದರೆ ಅಲ್ಲಿ ಹರಿವಿದೆ ಎಂದರ್ಥ. ಬೇಗ ಬದಲಾದರೆ ವೇಗದ ಹರಿವು, ಬದಲಾಗದಿದ್ದರೆ ನಿಶ್ಚಲ. ಈ ದ್ರವ್ಯದಲ್ಲಿ ಹರಿವು ಹುಟ್ಟುವುದಕ್ಕೆ ಬೇರೆ ಮೂಲವೇ ಇಲ್ಲ.

ಈಗ ಮೋಡದೊಳಗೆ ಒಂದು ಬಿಂದುವಿನಿಂದ ಹೊರಟು ಒಂದು ಸುತ್ತು ಹಾಕಿ ಅಲ್ಲಿಗೇ ಮರಳಿ ಬನ್ನಿ. ಅಲೆ ಅದೇ, ಜಾಗ ಅದೇ. ಆದ್ದರಿಂದ ಕೋನವೂ ಅದೇ ಇರಬೇಕು. ದಾರಿಯುದ್ದಕ್ಕೂ ಅದು ಒಟ್ಟು 0 ಡಿಗ್ರಿ ಬದಲಾಗಿರಬಹುದು, 360 ಆಗಿರಬಹುದು, 720 ಆಗಿರಬಹುದು. 100 ಡಿಗ್ರಿ ಆಗಿರಲು ಸಾಧ್ಯವಿಲ್ಲ. ಕ್ವಾಂಟಮ್ ಸುಳಿಯ ಬಗ್ಗೆ ತಿಳಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲಿದೆ. ಸುತ್ತುಹರಿವು ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಒಂದು ಮೆಟ್ಟಿಲಿನ ಎತ್ತರವೆಂದರೆ ಪ್ಲಾಂಕ್ ಸ್ಥಿರಾಂಕವನ್ನು ಪರಮಾಣುವಿನ ದ್ರವ್ಯರಾಶಿಯಿಂದ ಭಾಗಿಸಿದರೆ ಬರುವ ಪರಿಮಾಣ. 1949ರಲ್ಲಿ ಲಾರ್ಸ್ ಆನ್ಸಾಗರ್ ದ್ರವ ಹೀಲಿಯಂ ಬಗ್ಗೆ ಇದನ್ನು ಮೊದಲು ಸೂಚಿಸಿದರು. 1955ರಲ್ಲಿ ರಿಚರ್ಡ್ ಫೈನ್‌ಮನ್ ಇದನ್ನು ವಿಸ್ತಾರವಾಗಿ ಬೆಳೆಸಿದರು.

ರುಬಿಡಿಯಂಗೆ ಈ ಲೆಕ್ಕ ಹಾಕಿದರೆ, ಸುಳಿಯ ಕೇಂದ್ರದಿಂದ ಒಂದು ಮೈಕ್ರೊಮೀಟರ್ ದೂರದಲ್ಲಿ ಹರಿವಿನ ವೇಗ ಸೆಕೆಂಡಿಗೆ ಸುಮಾರು 0.7 ಮಿಲಿಮೀಟರ್. ಎರಡು ಮೈಕ್ರೊಮೀಟರ್ ದೂರದಲ್ಲಿ ಅದರರ್ಧ. ದೂರ ಸರಿದಷ್ಟೂ ನಿಧಾನ, ಹತ್ತಿರ ಬಂದಷ್ಟೂ ಜೋರು. ಬಕೆಟ್ಟಿನ ನೀರಿಗೆ ಪೂರಾ ತಿರುಗುಮುರುಗು. ಹಾಗಾದರೆ ನಟ್ಟನಡುವೆ ವೇಗ ಮಿತಿಮೀರಬೇಕಲ್ಲ? ಅದು ಆಗದಂತೆ ಪರಮಾಣುಗಳು ಆ ಜಾಗವನ್ನೇ ಖಾಲಿ ಮಾಡುತ್ತವೆ. ಅಲ್ಲಿ ದಟ್ಟಣೆ ಸೊನ್ನೆಗಿಳಿಯುತ್ತದೆ. ದಾಲಿಬಾರ್ ತಂಡ ನೋಡಿದ ತೂತು ಇದೇ.

ನೋಡಿದ್ದು ಹೇಗೆ ಎಂಬುದನ್ನೂ ಹೇಳಬೇಕು. ಮೋಡ ಕಾಂತಕ್ಷೇತ್ರದ ಬೋನಿನೊಳಗಿರುವಾಗ ಆ ತೂತಿನ ಅಗಲ ಮೈಕ್ರೊಮೀಟರಿನ ಒಂದು ಸಣ್ಣ ಪಾಲು ಮಾತ್ರ. ರುಬಿಡಿಯಂಗೆ ಬಳಸುವ 780 ನ್ಯಾನೊಮೀಟರ್ ಬೆಳಕಿನ ತರಂಗಾಂತರಕ್ಕಿಂತ ಕಿರಿದು. ಆ ಬೆಳಕಿಗೆ ಅದು ಕಾಣುವಂತಿಲ್ಲ. ಅದಕ್ಕಾಗಿ ಬೋನನ್ನು ಥಟ್ಟನೆ ಆರಿಸಿಬಿಡುತ್ತಾರೆ. ಮೋಡ ಕೆಳಗೆ ಬೀಳುತ್ತಾ ಹಿಗ್ಗುತ್ತದೆ, ಅದರೊಂದಿಗೆ ತೂತೂ ಹಿಗ್ಗುತ್ತದೆ. ಪ್ಯಾರಿಸ್ಸಿನಲ್ಲಿ 27 ಮಿಲಿಸೆಕೆಂಡು ಹೀಗೆ ಹಿಗ್ಗಲು ಬಿಟ್ಟು, ಆಮೇಲೆ ಬೆಳಕು ಹಾಯಿಸಿ ಮೋಡದ ನೆರಳನ್ನು ಕ್ಯಾಮೆರಾದಲ್ಲಿ ಹಿಡಿದರು. ಪರಮಾಣುಗಳಿಲ್ಲದ ಕಡೆ ಬೆಳಕು ನೇರ ದಾಟಿಬಂತು. ಒಂದು ಫೋಟೋ ತೆಗೆದರೆ ಆ ಮೋಡದ ಕಥೆ ಮುಗಿಯಿತು. ಇನ್ನೊಂದು ಫೋಟೋ ಬೇಕೆಂದರೆ ಇನ್ನೊಂದು ಮೋಡವನ್ನು ಮೊದಲಿನಿಂದ ತಣಿಸಬೇಕು. ಈ ವಿಷಯದ ಯಾವುದೇ ಚಿತ್ರ ನೋಡಿದಾಗಲೂ ಅದರ ಹಿಂದಿನ ಈ ತಾಳ್ಮೆ ನನಗೆ ನೆನಪಾಗುತ್ತದೆ.

ಹತ್ತು ಪಟ್ಟು ಜೋರಾಗಿ ತಿರುಗಬೇಕೆಂದರೆ ಹತ್ತು ಮೆಟ್ಟಿಲು ಎತ್ತರದ ಒಂದೇ ದೊಡ್ಡ ಸುಳಿ ಯಾಕಾಗುವುದಿಲ್ಲ? ಸುಳಿಯ ಶಕ್ತಿ ಮೆಟ್ಟಿಲ ಸಂಖ್ಯೆಯ ವರ್ಗದ ಹಾಗೆ ಏರುತ್ತದೆ. ಹತ್ತು ಸಣ್ಣ ಸುಳಿಗಳ ಖರ್ಚು ಹತ್ತು, ಒಂದೇ ದೊಡ್ಡದರ ಖರ್ಚು ನೂರು. ಎರಡು ಮೆಟ್ಟಿಲಿನ ಸುಳಿಯನ್ನು ಎಂಐಟಿಯಲ್ಲಿ ಬಲವಂತವಾಗಿ ಮಾಡಿ ನೋಡಿದರು. ಅದು ಎರಡಾಗಿ ಒಡೆಯಿತು. ಹಾಗಾಗಿ ಜೋರಾಗಿ ತಿರುಗುವ ಮೋಡದ ತುಂಬ ಸಣ್ಣ ಸುಳಿಗಳೇ. ದೂರದಿಂದ ನೋಡಿದರೆ ಅವೆಲ್ಲದರ ಒಟ್ಟು ಹರಿವು ಬಕೆಟ್ಟಿನ ನೀರಿನ ಹರಿವಿನಂತೆಯೇ ಕಾಣುತ್ತದೆ. ಎಷ್ಟು ಸುಳಿ ಬೇಕು ಎಂಬುದಕ್ಕೆ ಫೈನ್‌ಮನ್ ಸೂತ್ರವಿದೆ. ದ್ರವ ಹೀಲಿಯಂ ಸೆಕೆಂಡಿಗೆ ಒಂದು ಸುತ್ತು ತಿರುಗಿದರೆ ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು 125 ಸುಳಿಗಳು.

ಇಷ್ಟು ತಿಳಿದ ಮೇಲೆ ಪ್ಯಾರಿಸ್ಸಿಗೆ ಮರಳೋಣ. ಸುಳಿ ಹುಟ್ಟಬೇಕಾದರೆ ಶಕ್ತಿ ಬೇಕು. ಆದರೆ ಕಲಕುವ ಕಿರಣದ ಜೊತೆಗೇ ತಿರುಗುತ್ತಾ ಲೆಕ್ಕ ಹಾಕಿದರೆ, ಸುಳಿ ಹೊತ್ತ ಕೋನೀಯ ಸಂವೇಗಕ್ಕೆ ಒಂದಿಷ್ಟು ಶಕ್ತಿ ವಜಾ ಆಗುತ್ತದೆ. ಕಲಕುವಿಕೆ ಜೋರಾದಷ್ಟೂ ವಜಾ ಹೆಚ್ಚು. ಒಂದು ವೇಗ ದಾಟಿದ ಮೇಲೆ ಸುಳಿ ಇರುವ ಮೋಡದ ಶಕ್ತಿಯೇ ಸುಳಿ ಇಲ್ಲದ ಮೋಡಕ್ಕಿಂತ ಕಡಿಮೆಯಾಗುತ್ತದೆ. ಪಠ್ಯಪುಸ್ತಕ ಇಲ್ಲಿಗೆ ನಿಲ್ಲಿಸಿ, ಆದ್ದರಿಂದ ಸುಳಿ ಹುಟ್ಟುತ್ತದೆ ಎನ್ನುತ್ತದೆ. ತೊಂದರೆ ಏನೆಂದರೆ, ದಾಲಿಬಾರ್ ತಂಡ ಆ ವೇಗದಲ್ಲಿ ಕಲಕಿದಾಗ ಸುಳಿ ಹುಟ್ಟಲಿಲ್ಲ. ಅದನ್ನು ಸಾಕಷ್ಟು ದಾಟಿದ ಮೇಲೂ ಹುಟ್ಟಲಿಲ್ಲ. ಬೋನಿನ ಅಡ್ಡ ಕಂಪನದ ವೇಗ ಸೆಕೆಂಡಿಗೆ ಸುಮಾರು 220 ಇತ್ತು. ಕಲಕುವ ವೇಗ ಅದರ 0.7 ಪಾಲಿನ ಹತ್ತಿರ ಬರುವವರೆಗೆ ಮೋಡ ಸುಮ್ಮನಿತ್ತು.

ಲಾಭವಿದೆ ಎನ್ನುವುದು ಬೇರೆ, ದಾರಿಯಿದೆ ಎನ್ನುವುದು ಬೇರೆ. ಸುಳಿ ಎನ್ನುವುದು ಅಲೆಯ ಕೋನದಲ್ಲಿ ಪೂರ್ತಿ 360 ಡಿಗ್ರಿಯ ಒಂದು ತಿರುಚು. ಸೊನ್ನೆ ತಿರುಚಿನಿಂದ ಒಂದು ತಿರುಚಿಗೆ ಹೋಗಲು ನಡುವೆ ಮೆಟ್ಟಿಲಿಲ್ಲ. ದಟ್ಟವಾಗಿರುವ ಮೋಡದ ಮಧ್ಯದಲ್ಲಿ ಒಂಟಿ ಸುಳಿ ತಾನಾಗಿ ಮೊಳೆಯುವಂತಿಲ್ಲ. ಅದು ಅಂಚಿನಿಂದಲೇ ಬರಬೇಕು. ಪರಮಾಣುಗಳು ವಿರಳವಾಗಿರುವ ಅಂಚಿನಲ್ಲಿ ತೂತು ಕೊರೆಯುವ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಲ್ಲಿಂದ ಒಳಗೆ ಸರಿಯತೊಡಗಿದರೆ ದಟ್ಟಣೆ ಏರುತ್ತದೆ, ಖರ್ಚೂ ಏರುತ್ತದೆ. ಕೋನೀಯ ಸಂವೇಗದ ವಜಾ ಮಾತ್ರ ಇನ್ನೂ ಪೂರ್ತಿ ಸಿಕ್ಕಿರುವುದಿಲ್ಲ. ಕೇಂದ್ರದ ಹತ್ತಿರ ಹೋದ ಮೇಲೆ ಲೆಕ್ಕ ತಿರುಗುತ್ತದೆ. ಅಂಚಿಗೂ ಕೇಂದ್ರಕ್ಕೂ ನಡುವೆ ಹೀಗೆ ಒಂದು ಏರು ಇದೆ. ಪರಮ ಶೀತದ ಮೋಡದಲ್ಲಿ ಆ ಏರನ್ನು ಹತ್ತಿಸುವಷ್ಟು ಉಷ್ಣದ ಕುಲುಕಾಟವೂ ಇಲ್ಲ.

ಹಾಗಾದರೆ 0.7ರಲ್ಲಿ ಏನಾಯಿತು? ಪೂರ್ತಿ ದುಂಡಗಿರುವ ಬೋನನ್ನು ತಿರುಗಿಸಿದರೆ ಮೋಡಕ್ಕೆ ಅದು ಗೊತ್ತೇ ಆಗುವುದಿಲ್ಲ. ಹಿಡಿದು ಎಳೆಯಲು ಏನೂ ಇಲ್ಲ. ಅದಕ್ಕೇ ಲೇಸರ್ ಕಿರಣವು ಬೋನನ್ನು ಸ್ವಲ್ಪವೇ ಸ್ವಲ್ಪ ಅಂಡಾಕಾರಕ್ಕೆ ಒತ್ತಿ, ಆ ಅಂಡಾಕಾರವನ್ನು ತಿರುಗಿಸುತ್ತದೆ. ಮೋಡಕ್ಕೆ ತನ್ನದೇ ಆದ ಒಂದು ಕಂಪನವಿದೆ. ಒಮ್ಮೆ ಈ ದಿಕ್ಕಿಗೆ, ಮತ್ತೊಮ್ಮೆ ಆ ದಿಕ್ಕಿಗೆ ಅಂಡಾಕಾರವಾಗಿ ಚಾಚಿಕೊಳ್ಳುವ ಕಂಪನ. ಅದರ ಆವೃತ್ತಿ ಬೋನಿನ ಆವೃತ್ತಿಯ ಎರಡರ ವರ್ಗಮೂಲದಷ್ಟು, ಅಂದರೆ 1.414 ಪಟ್ಟು. ಅಂಡಾಕಾರವು ಅರ್ಧ ಸುತ್ತಿಗೇ ಮೊದಲಿನಂತೆ ಕಾಣುವುದರಿಂದ ಅದನ್ನು ಕೆರಳಿಸಲು ಅರ್ಧ ವೇಗ ಸಾಕು. 1.414ರ ಅರ್ಧ 0.707. ಅಂಚಿನ ಈ ಕಂಪನಕ್ಕೆ ತಾಳ ಕೂಡಿದಾಗಲೇ ಸುಳಿ ಕಾಣಿಸಿದ್ದು. ಪ್ರಯೋಗ ಮತ್ತು ಲೆಕ್ಕ ಇಷ್ಟು ಚೆಂದವಾಗಿ ಕೂಡಿಬಂದ ಸಂದರ್ಭಗಳು ನನಗೆ ತಿಳಿದಂತೆ ಹೆಚ್ಚಿಲ್ಲ.

ದಾಲಿಬಾರ್ ತಂಡ 2001ರಲ್ಲಿ ಈ ಘಟನೆಯ ಚಿತ್ರಗಳನ್ನು ಹಂತ ಹಂತವಾಗಿ ತೆಗೆಯಿತು. ಕಲಕತೊಡಗಿದ ಮೊದಲ ಕೆಲವು ನೂರು ಮಿಲಿಸೆಕೆಂಡುಗಳಲ್ಲಿ ಸುಳಿಯಿಲ್ಲ. ಮೋಡ ಉದ್ದಕ್ಕೆ ಚಾಚಿಕೊಂಡು ಕಿರಣದ ಜೊತೆ ತಿರುಗುತ್ತದೆ. ಆಮೇಲೆ ಆ ಚಾಚಿದ ಆಕಾರ ನಿಲ್ಲಲಾರದೆ ಅಂಚು ಕದಡುತ್ತದೆ. ಆ ಕದಡಿದ ಅಂಚಿನಲ್ಲಿ ಸುಳಿಗಳು ಸೇರಿಕೊಂಡು ಒಳಗೆ ನುಗ್ಗುತ್ತವೆ. ಕೊನೆಗೆ ಮೋಡ ಮತ್ತೆ ದುಂಡಗಾಗುತ್ತದೆ, ಸುಳಿಗಳು ತಮ್ಮ ತಮ್ಮ ಜಾಗ ಹಿಡಿದು ಒಪ್ಪವಾಗಿ ನಿಲ್ಲುತ್ತವೆ. ಚಾಚಿದ ಮೋಡ ಯಾಕೆ ನಿಲ್ಲಲಾರದು ಎಂಬುದನ್ನು ಅದೇ ವರ್ಷ ಸುಭಾಸಿಸ್ ಸಿನ್ಹಾ ಮತ್ತು ಈವಾನ್ ಕಾಸ್ತ್ಯಾಂ ಲೆಕ್ಕ ಹಾಕಿ ತೋರಿಸಿದರು. ತೀರ ಸಣ್ಣ ಏರುಪೇರು ಕೂಡ ಆ ಆಕಾರದಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಏರನ್ನು ಯಾವ ಸುಳಿಯೂ ಹತ್ತಲಿಲ್ಲ. ಅಂಚು ಕದಡಿದಾಗ ಏರೇ ಮಾಯವಾಯಿತು.

ಬೇರೆ ದಾರಿಯೇ ಇಲ್ಲವೆಂದಲ್ಲ. ಎಂಐಟಿಯಲ್ಲಿ ಕೆಟರ್ಲೆ ತಂಡ ಮೋಡಕ್ಕಿಂತ ಬಹಳ ಕಿರಿದಾದ ಲೇಸರ್ ಕಿರಣದಿಂದ ಕಲಕಿದಾಗ 0.7ಕ್ಕಿಂತ ಕಡಿಮೆ ವೇಗದಲ್ಲೂ ಸುಳಿಗಳು ಹುಟ್ಟಿದವು. ಕಿರಿದಾದ ಕಿರಣ ಇಡೀ ಮೋಡವನ್ನು ಚಾಚುವುದಿಲ್ಲ. ತಾನು ಹೋದ ದಾರಿಯಲ್ಲೇ ಹರಿವನ್ನು ಕೆಡಿಸುತ್ತದೆ. ಅಗಲವಾದ ಕಿರಣ ಬಳಸಿದಾಗ ಮತ್ತೆ ಅಂಚಿನ ಕಂಪನದ ಮಾತೇ ನಡೆಯಿತು. ಎಷ್ಟು ಜೋರಾಗಿ ಕಲಕಿದಿರಿ ಎಂಬುದರ ಜೊತೆಗೆ ಯಾವುದರಿಂದ ಕಲಕಿದಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಅದೇ ಎಂಐಟಿ ತಂಡ 2001ರಲ್ಲಿ ಪ್ರಕಟಿಸಿದ ಚಿತ್ರ ಈ ಕ್ಷೇತ್ರದ ಅತ್ಯಂತ ಸುಂದರ ಚಿತ್ರ ಎಂಬುದು ನನ್ನ ಅಭಿಪ್ರಾಯ. ಸೋಡಿಯಂನ ದೊಡ್ಡ ಮೋಡದಲ್ಲಿ ಸುಮಾರು 130 ಸುಳಿಗಳು ತ್ರಿಕೋನ ತ್ರಿಕೋನವಾಗಿ, ಅಂಚಿನವರೆಗೂ ಸಾಲು ತಪ್ಪದೆ ನಿಂತಿವೆ. ಒಂದೇ ದಿಕ್ಕಿಗೆ ಸುತ್ತುವ ಸುಳಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಎಲ್ಲವೂ ಆದಷ್ಟು ದೂರ ಇರಬೇಕೆಂದರೆ ತ್ರಿಕೋನದ ಜಾಲರಿಯೇ ಅನುಕೂಲ. ಕಾಂತಕ್ಷೇತ್ರದಲ್ಲಿಟ್ಟ ಕೆಲವು ಸೂಪರ್‌ಕಂಡಕ್ಟರ್‌ಗಳಲ್ಲಿ ಇಂಥ ಸುಳಿಗಳ ಜಾಲರಿ ಇರಬೇಕೆಂದು ಸೋವಿಯತ್ ಒಕ್ಕೂಟದ ಅಲೆಕ್ಸಿ ಅಬ್ರಿಕೊಸೊವ್ 1957ರಲ್ಲೇ ಬರೆದಿದ್ದರು. ಆ ಆಲೋಚನೆ ಅವರಿಗೆ ಕೆಲ ವರ್ಷ ಮೊದಲೇ ಹೊಳೆದಿತ್ತು. ಗುರು ಲೆವ್ ಲ್ಯಾಂಡೌ ಒಪ್ಪದ್ದರಿಂದ ಅದು ಮೇಜಿನ ಡ್ರಾಯರ್ ಸೇರಿತು. ಹೀಲಿಯಂ ಸುಳಿಗಳ ಬಗ್ಗೆ ಫೈನ್‌ಮನ್ ಬರೆದದ್ದು ಬಂದ ಮೇಲೆ ಹೊರಬಂತು. 2003ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಬೌಲ್ಡರ್‌ನವರು ಅಂಚಿನ ಗೊಡವೆಯನ್ನು ಬೇರೆ ಬಗೆಯಲ್ಲಿ ನಿವಾರಿಸಿಕೊಂಡರು. ನಿಜ ಹೇಳಬೇಕೆಂದರೆ ಅನಿಲ ಕಂಡೆನ್ಸೇಟಿನಲ್ಲಿ ಮೊತ್ತಮೊದಲ ಸುಳಿ ಕಂಡದ್ದು ಅಲ್ಲೇ, 1999ರಲ್ಲಿ. ಆದರೆ ಅದನ್ನು ಕಲಕಿ ಪಡೆದದ್ದಲ್ಲ. ಪರಮಾಣುಗಳ ಎರಡು ಆಂತರಿಕ ಸ್ಥಿತಿಗಳ ನಡುವೆ ಲೇಸರ್ ಮತ್ತು ಮೈಕ್ರೋವೇವ್ ಬಳಸಿ ಅಲೆಯ ಮೇಲೆ ತಿರುಚನ್ನು ನೇರವಾಗಿ ಬರೆದದ್ದು. ಮುಂದೆ ಅವರು ಕಂಡೆನ್ಸೇಟ್ ಆಗುವ ಮೊದಲೇ ಅನಿಲವನ್ನು ತಿರುಗಿಸತೊಡಗಿದರು. ಆಗ ಅದು ಮಾಮೂಲಿ ಅನಿಲ; ಹೇಳಿದ ಹಾಗೆ ತಿರುಗುತ್ತದೆ. ಆಮೇಲೆ ತಣಿಸುವಾಗ, ತಿರುಗಣೆಯಲ್ಲಿ ಕಡಿಮೆ ಪಾಲು ಹೊತ್ತ ಪರಮಾಣುಗಳನ್ನು ಆರಿಸಿ ಹೊರಗೆ ಹಾಕಿದರು. ಉಳಿದವುಗಳ ತಲೆಗೆ ಸರಾಸರಿ ತಿರುಗಣೆ ಏರಿತು. ಹೀಗೆ ತಿರುಗುತ್ತಲೇ ಹುಟ್ಟಿದ ಕಂಡೆನ್ಸೇಟಿನಲ್ಲಿ ನೂರಾರು ಸುಳಿಗಳು. 2004ರ ಹೊತ್ತಿಗೆ ಬೋನಿನ ಆವೃತ್ತಿಯ ಶೇ. 99ನ್ನೂ ಮೀರಿದ ವೇಗಕ್ಕೆ ಹೋದರು. ಅಲ್ಲಿ ಹೊರಕ್ಕೆ ಎಸೆಯುವ ಬಲ ಮತ್ತು ಬೋನಿನ ಹಿಡಿತ ಹೆಚ್ಚುಕಡಿಮೆ ಸಮ. ಮೋಡ ತೆಳ್ಳಗೆ ಹರಡಿಕೊಳ್ಳುತ್ತದೆ, ಒಂದು ಹೆಜ್ಜೆ ಮುಂದಿಟ್ಟರೆ ಚೆದುರಿಹೋಗುತ್ತದೆ.

ತಿರುಗಿಸುವುದನ್ನೇ ಬಿಟ್ಟವರೂ ಇದ್ದಾರೆ. 2009ರಲ್ಲಿ ಅಮೆರಿಕದ ಇಯಾನ್ ಸ್ಪೀಲ್‌ಮನ್ ತಂಡ ಲೇಸರ್‌ಗಳಿಂದ ಪರಮಾಣುಗಳಿಗೆ ಕೃತಕ ಕಾಂತಕ್ಷೇತ್ರವೊಂದರ ಅನುಭವ ಕೊಟ್ಟಿತು. ವಿದ್ಯುದಂಶವೇ ಇಲ್ಲದ ಪರಮಾಣುಗಳು ವಿದ್ಯುದಂಶವಿರುವಂತೆ ನಡೆದುಕೊಂಡವು, ನಿಂತ ಮೋಡದಲ್ಲಿ ಅಂಚಿನಿಂದಲೇ ಸುಳಿಗಳು ಒಳಬಂದವು.

ಸುಳಿಗೆ ಇನ್ನೊಂದು ಕೆಲಸವೂ ಇದೆ: ಸಾಕ್ಷಿ ಹೇಳುವುದು. ಲಿಥಿಯಂ-6 ಪರಮಾಣುಗಳು ಬೋಸ್ ಹೇಳಿದ ಜಾತಿಯವಲ್ಲ. ಅವು ಒಂದೇ ಸ್ಥಿತಿಯಲ್ಲಿ ಗುಂಪುಗೂಡಲಾರವು. ಜೋಡಿಯಾದರೆ ಮಾತ್ರ ಕೂಡಬಲ್ಲವು. ಜೋಡಿಯಾಗಿವೆಯೇ, ಅಡೆತಡೆಯಿಲ್ಲದೆ ಹರಿಯುವ ಸೂಪರ್‌ಫ್ಲುಯಿಡ್ ಆಗಿವೆಯೇ ಎಂಬ ಬಗ್ಗೆ ಪರೋಕ್ಷ ಪುರಾವೆಗಳಿದ್ದವು, ವಾದವೂ ಇತ್ತು. 2005ರಲ್ಲಿ ಮಾರ್ಟಿನ್ ಜ್ವೀರ್ಲೈನ್ ಮತ್ತು ಎಂಐಟಿಯ ಸಂಗಡಿಗರು ಆ ಅನಿಲವನ್ನು ಕಲಕಿ ಸುಳಿಗಳ ಜಾಲರಿಯ ಚಿತ್ರ ಮುಂದಿಟ್ಟರು. ವಾದ ಅಲ್ಲಿಗೆ ತೀರಿತು. ಇಡೀ ಮೋಡಕ್ಕೆ ಒಂದೇ ಅಲೆ ಇಲ್ಲದಿದ್ದರೆ ಆ ಜಾಲರಿ ನಿಲ್ಲಲು ಸಾಧ್ಯವೇ ಇಲ್ಲ.

ಇದೇ ಭೌತಶಾಸ್ತ್ರ ಆಕಾಶದಲ್ಲೂ ಇದೆ. ವೇಲಾ ಪಲ್ಸಾರ್ ಸೆಕೆಂಡಿಗೆ ಸುಮಾರು 11 ಸುತ್ತು ತಿರುಗುವ ನ್ಯೂಟ್ರಾನ್ ನಕ್ಷತ್ರ. ಅದರ ಒಳಗಿನ ನ್ಯೂಟ್ರಾನ್‌ಗಳು ಜೋಡಿಗೂಡಿ ಸೂಪರ್‌ಫ್ಲುಯಿಡ್ ಆಗಿದ್ದರೆ, ಫೈನ್‌ಮನ್ ಸೂತ್ರದ ಪ್ರಕಾರ ಒಂದು ಚದರ ಸೆಂಟಿಮೀಟರಿಗೆ ಸುಮಾರು 70,000 ಸುಳಿಗಳಿರಬೇಕು. ನಿಧಾನವಾಗುತ್ತಾ ಬರುವ ಈ ನಕ್ಷತ್ರ ಕೆಲವು ವರ್ಷಕ್ಕೊಮ್ಮೆ ಥಟ್ಟನೆ ಒಂದಿಷ್ಟು ಚುರುಕಾಗುತ್ತದೆ. 1969ರಲ್ಲಿ ಮೊದಲು ಗಮನಕ್ಕೆ ಬಂದ ಸಂಗತಿ ಇದು. ನಕ್ಷತ್ರದ ಗಟ್ಟಿ ತೊಗಟೆಗೆ ಸಿಕ್ಕಿಕೊಂಡ ಸುಳಿಗಳು ಒಮ್ಮೆಲೇ ಬಿಡಿಸಿಕೊಂಡು ಹೊರ ಸರಿದಾಗ ಹೀಗಾಗುತ್ತದೆ ಎಂದು ಫಿಲಿಪ್ ಆಂಡರ್ಸನ್ ಮತ್ತು ನಾವೊಕಿ ಇಟೊ 1975ರಲ್ಲಿ ಸೂಚಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ಪಂಡಿತ್ ಮತ್ತು ಸಂಗಡಿಗರು ತಿರುಗುವ ಕಂಡೆನ್ಸೇಟಿಗೆ ತೊಗಟೆ ಜೋಡಿಸಿದ ಕಂಪ್ಯೂಟರ್ ಮಾದರಿಯಲ್ಲಿ ಇಂಥ ಜಿಗಿತಗಳನ್ನು ಅಧ್ಯಯನ ಮಾಡಿದ್ದಾರೆ.

ತೀರ ಈಚಿನ ಬೆಳವಣಿಗೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ ಬಂದಿದೆ. ಅಲ್ಲಿ ಫ್ರಾನ್ಸೆಸ್ಕಾ ಫೆರ್ಲೈನೊ ತಂಡ ಬಳಸುವುದು ಡಿಸ್ಪ್ರೋಸಿಯಂ. ಅದರ ಪ್ರತಿ ಪರಮಾಣುವೂ ಬಲವಾದ ಒಂದು ಕಾಂತ. ಕಾಂತಕ್ಷೇತ್ರ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಮೋಡ ತಾನೇ ಚಾಚಿಕೊಳ್ಳುತ್ತದೆ. ಹಾಗಾಗಿ ಕಲಕಲು ಲೇಸರ್ ಬೇಡ, ಕ್ಷೇತ್ರದ ದಿಕ್ಕು ತಿರುಗಿಸಿದರೆ ಸಾಕು. 2022ರಲ್ಲಿ ಈ ಬಗೆಯಿಂದ ಸುಳಿಗಳನ್ನು ತೋರಿಸಿದ ತಂಡ, 2024ರಲ್ಲಿ ಅದೇ ಡಿಸ್ಪ್ರೋಸಿಯಂನ ಸೂಪರ್‌ಸಾಲಿಡ್‌ನಲ್ಲೂ ಸುಳಿಗಳನ್ನು ಕಂಡಿತು. ಸೂಪರ್‌ಸಾಲಿಡ್ ಎಂದರೆ ಹರಳಿನಂತೆ ಕ್ರಮವಾಗಿ ನಿಂತ ದಟ್ಟ ಹನಿಗಳು, ಅವುಗಳ ನಡುವೆ ತೆಳುವಾಗಿ ಹರಿಯುವ ಸೂಪರ್‌ಫ್ಲುಯಿಡ್. ಹನಿಗಳ ನಡುವಿನ ಆ ತೆಳು ಜಾಗ ಮೊದಲೇ ಪರಮಾಣು ವಿರಳ. ಸುಳಿ ಅಲ್ಲಿ ತೂತು ಕೊರೆಯಬೇಕಾದ್ದು ಕಮ್ಮಿ. ಸಾಮಾನ್ಯ ಕಂಡೆನ್ಸೇಟಿನಲ್ಲಿ ಅಂಚಿಗೆ ಮಾತ್ರ ಇದ್ದ ಸುಲಭದ ದಾರಿ ಇಲ್ಲಿ ಮೋಡದ ಒಳಗಿನವರೆಗೂ ಚಾಚಿದೆ. ಅದಕ್ಕೆ ತಕ್ಕಂತೆ ಸುಳಿಗಳು ಒಳಬರುವ ಬಗೆಯೇ ಬೇರೆಯಾಗಿದ್ದು, ಇನ್ನೂ ನಿಧಾನವಾಗಿ ಕಲಕಿದಾಗಲೂ ಅವು ಕಾಣಿಸಿಕೊಂಡವು.